ಯಂತ್ರಬಾಲೆಯೂ ನಮ್ಮ ನಗೆಯೂ

ನಗೆಯು ಮಾನವನಿಗೆ ದೊರೆತ ವಿಶೇಷ ವರ. ಆದರೆ ವಿಜ್ಞಾನದ ಹೆಸರೆತ್ತಿದೊಡನೆ ನಾವು ಮೋರೆಯನ್ನು ಬಿಗಿದುಕೊಳ್ಳುತ್ತೇವೆ. ಅದು ಪ್ರಯೋಗಶಾಲೆಗೂ ಪರೀಕ್ಷೆಯ ಕೊಠಡಿಗೂ ಸೇರಿದ ವಿಷಯವೆಂದೂ, ನಗೆಗೂ ಅದಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದೂ ಭಾವಿಸುತ್ತೇವೆ. ಈ ಭಾವನೆ ಸರಿಯಲ್ಲವೆಂಬುದನ್ನು ದೂರದರ್ಶನದ ಒಂದು ವಿಚಿತ್ರ ಹಾಸ್ಯ ಧಾರಾವಾಹಿಯ ಉದಾಹರಣೆಯಿಂದ ತಿಳಿಸಬೇಕೆಂಬುದು ನಮ್ಮ ಉದ್ದೇಶ.

ಅದರ ಹೆಸರು 'ಕರಿಶ್ಮಾ ಕಾ ಕರಿಶ್ಮಾ'. 2003ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಆರಂಭವಾದ ಈ ಹಿಂದಿ ಧಾರಾವಾಹಿಗೆ, 1985ರಿಂದ 1989ರ ವರೆಗೆ ಅಮೆರಿಕದಲ್ಲಿ ಪ್ರಸಾರವಾದ 'ಸ್ಮಾಲ್ ವಂಡರ್' ಮಾತೃಕೆ. ಯಂತ್ರಶಿಲ್ಪಿಯೊಬ್ಬನು ಬಾಲಕಿಯ ರೂಪದ ಯಂತ್ರವೊಂದನ್ನು ನಿರ್ಮಿಸಿ ಮನೆಗೆ ತರುತ್ತಾನೆ. ಮನೆಯವರು ಅವಳನ್ನು ತಮ್ಮ ಮಗಳೆಂದೇ ಲೋಕಕ್ಕೆ ಹೇಳಿ, ಆ ಗುಟ್ಟನ್ನು ಕಾಪಾಡಲು ಪಡಬಾರದ ಪಾಡು ಪಡುತ್ತಾರೆ. ಯಂತ್ರಬಾಲೆಯ ಪಾತ್ರವನ್ನು ವಹಿಸಿದವರು ಝನಕ್ ಶುಕ್ಲಾ ಎಂಬ ಬಾಲನಟಿ. ಆಗ ನಾವು ಹುಟ್ಟಿಯೇ ಇರಲಿಲ್ಲ. ಹಿರಿಯರಿಂದ ಕೇಳಿ, ಬಳಿಕ ಹಳೆಯ ಕಂತುಗಳನ್ನು ನೋಡಿ ನಕ್ಕವರು ನಾವು.

ಈ ನಗೆ ಹುಟ್ಟುವುದೆಲ್ಲಿ? ಯಂತ್ರಕ್ಕೆ ಶಬ್ದ ತಿಳಿಯುತ್ತದೆ, ಭಾವ ತಿಳಿಯದು. ಅಲ್ಲಿಯೇ ನಗೆ ಹುಟ್ಟುತ್ತದೆ. ಅಂಥ ಬಾಲೆಯೊಬ್ಬಳು ನಮ್ಮ ಕನ್ನಡದ ಮನೆಗೆ ಬಂದಳೆಂದು ಭಾವಿಸಿರಿ. "ತಲೆ ತಿನ್ನಬೇಡ" ಎಂದು ಅಜ್ಜಿ ಗದರಿಸಿದರೆ, "ನಾನು ಏನನ್ನೂ ತಿನ್ನುವುದಿಲ್ಲ" ಎಂದು ಆಕೆ ವಿನಯದಿಂದ ಉತ್ತರಿಸಿಯಾಳು! ಪಕ್ಕದ ಮನೆಯವರಿಗೆ ಹೊಟ್ಟೆಕಿಚ್ಚೆಂದು ಕೇಳಿ ಒಂದು ಕೊಡ ನೀರು ಹೊತ್ತು ಓಡಿಯಾಳು! ಬಾಯಿಗೆ ಬೀಗ ಹಾಕಿಕೋ ಎಂದರೆ ಮನೆಯಲ್ಲೆಲ್ಲ ಬೀಗದ ಕೈ ಹುಡುಕಿಯಾಳು!

ಈ ಹಾಸ್ಯವನ್ನು ನಮ್ಮಷ್ಟು ಚೆನ್ನಾಗಿ ಸವಿಯಬಲ್ಲವರು ವಿರಳ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮಕ್ಕಳಾದ ನಾವು ದಿನವೂ ನಾಲ್ಕು ಭಾಷೆಗಳ ನಡುವೆ ಓಡಾಡುವವರು. ಮರಾಠಿ ಶಾಲೆಯ ಗೆಳತಿ ತನ್ನ ಶಿಕ್ಷಕಿಯನ್ನು 'ಬಾಈ' ಎಂದು ಕರೆದರೆ, ಊರಿನಿಂದ ಹೊಸದಾಗಿ ಬಂದ ಕನ್ನಡದ ಮಗು ತನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡೀತು. 'ಕಾಲ್ ಆಲೋ' ಎಂದು ನೆರೆಯ ಹುಡುಗ ಹೇಳಿದರೆ, ಆತ ನಿನ್ನೆ ಬಂದನೆಂದು ತಿಳಿಯದೆ ಅವನ ಕಾಲನ್ನು ನೋಡೀತು. ಶಬ್ದದಿಂದ ಅರ್ಥಕ್ಕೆ ಸೇತುವೆ ಕಟ್ಟುವ ಕೆಲಸ ಎಷ್ಟು ಕಠಿಣವೆಂಬುದನ್ನು ನಾವು ಅನುಭವದಿಂದ ಬಲ್ಲೆವು.

ಇಂಥ ಧಾರಾವಾಹಿಗಳು ಕಾಲಹರಣಕ್ಕೆ ಮಾತ್ರವೆಂದು ಕೆಲವು ಹಿರಿಯರು ಹೇಳುತ್ತಾರೆ. ಒಂದೇ ಬಗೆಯ ಹಾಸ್ಯ ಮತ್ತೆ ಮತ್ತೆ ಬರುತ್ತದೆಂಬುದೂ ನಿಜ. ಆದರೆ ಈ ನಗೆಯ ಹಿಂದೆ ಗಂಭೀರ ವಿಚಾರವಿದೆ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ಎಂಬ ನಾಟಕದಿಂದ 'ರೋಬೊಟ್' ಎಂಬ ಪದ ಲೋಕಕ್ಕೆ ಬಂದಿತು. ಅದರ ಮೂಲವಾದ ಚೆಕ್ ಶಬ್ದಕ್ಕೆ ಬಿಟ್ಟಿ ಚಾಕರಿಯೆಂದು ಅರ್ಥ. ಇದನ್ನು ನೆನೆದರೆ 2016ರಲ್ಲಿ ಲೈಫ್ ಓಕೆ ವಾಹಿನಿಯಲ್ಲಿ ಬಂದ 'ಬಹೂ ಹಮಾರಿ ರಜನಿ ಕಾಂತ್' ಎಂಬ ಧಾರಾವಾಹಿಯ ವಿನೋದವು ಇನ್ನಷ್ಟು ಮೊನಚಾಗುತ್ತದೆ. ಅದರಲ್ಲಿ ಕೂಡುಕುಟುಂಬದ ಸೊಸೆಯೇ ಯಂತ್ರ! ದಣಿಯದೆ, ಎದುರಾಡದೆ ದುಡಿಯುವ ಸೊಸೆ ಬೇಕೆನ್ನುವವರಿಗೆ ಇದಕ್ಕಿಂತ ತಕ್ಕ ಉತ್ತರವುಂಟೆ?

ಇನ್ನು ನಮ್ಮ ಸುತ್ತಲೂ ನೋಡೋಣ. ಡೊಂಬಿವಲಿಯಿಂದ ಥಾಣೆಗೆ ಸಾಗುವ ಲೋಕಲ್ ಗಾಡಿಯಲ್ಲಿ ಮುದ್ರಿತ ಧ್ವನಿಯೊಂದು ಮುಂದಿನ ನಿಲ್ದಾಣದ ಹೆಸರನ್ನು ಮೂರು ಭಾಷೆಗಳಲ್ಲಿ ಸಾರುತ್ತದೆ. ಜನಸಂದಣಿಯಲ್ಲಿ ಸಿಕ್ಕಿ ಇಳಿಯಲಾರದವನ ಸಂಕಟ ಅದಕ್ಕೆ ತಿಳಿಯದು. ಐರೋಲಿ, ಮಹಾಪೆಗಳ ಕಚೇರಿಗಳಲ್ಲಿ ಸಾವಿರಾರು ಜನರು ಗಣಕಯಂತ್ರಗಳಿಗೆ ಆಜ್ಞೆ ಬರೆಯುತ್ತಾರೆ. ಕೇಳಿದ ಪ್ರಶ್ನೆಗೆ ಕ್ಷಣದಲ್ಲಿ ಉತ್ತರ ಬರೆದುಕೊಡುವ ಯಂತ್ರಗಳೂ ಈಗ ನಮ್ಮ ಕೈಗೆ ಬಂದಿವೆ. ಅದನ್ನು ನಕಲು ಮಾಡಿ, ಅರ್ಥವರಿಯದೆ ಉರುಹೊಡೆದು ಒಪ್ಪಿಸುವ ವಿದ್ಯಾರ್ಥಿಗೂ ಆ ಯಂತ್ರಬಾಲೆಗೂ ಭೇದವೇನು? ಅವಳನ್ನು ಕಂಡು ನಗುವಾಗ ನಾವು ನಮ್ಮನ್ನೇ ಕನ್ನಡಿಯಲ್ಲಿ ಕಾಣುತ್ತೇವೆ. ಉಪದೇಶದಿಂದ ಆಗದ ಕೆಲಸವನ್ನು ನಗೆ ಮಾಡುತ್ತದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಕನ್ನಡಿಗರಿಗೆ ಇಂಥ ಕಲ್ಪನೆ ಹೊರಗಿನದೆಂದು ತಿಳಿಯಬೇಕಾಗಿಲ್ಲ. 1989ರಲ್ಲಿ ದೂರದರ್ಶನದಲ್ಲಿ ಬಂದ 'ಇಂದ್ರಧನುಷ್' ಎಂಬ ಮಕ್ಕಳ ವಿಜ್ಞಾನ ಧಾರಾವಾಹಿಯಲ್ಲಿ ನಟಿಸಿದವರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಒಬ್ಬರು. ಅವರು ಜನಿಸಿದುದು 1938ರಲ್ಲಿ, ಮಾಥೇರಾನಿನಲ್ಲಿ. ಕಲ್ಯಾಣದಿಂದ ಕರ್ಜತ್ ಕಡೆಯ ಗಾಡಿ ಹಿಡಿದು ನೇರಳ್‌ನಲ್ಲಿ ಇಳಿದರೆ ಆ ಗಿರಿಧಾಮಕ್ಕೆ ದಾರಿ. 1998ರಲ್ಲಿ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ನಾಟಕಕಾರರು ಮಕ್ಕಳ ವಿಜ್ಞಾನ ಕಥೆಯನ್ನು ಕೀಳೆಂದು ಭಾವಿಸಲಿಲ್ಲವೆಂದ ಮೇಲೆ ನಾವೇಕೆ ಹಿಂಜರಿಯಬೇಕು?

ಆದುದರಿಂದ, ಸಹಪಾಠಿಗಳೆ, ನೋಡಿ ನಗುವುದರಲ್ಲಿಯೇ ತೃಪ್ತರಾಗದಿರೋಣ. ಬರುವ ವಾರ್ಷಿಕೋತ್ಸವಕ್ಕೆ ಕನ್ನಡದಲ್ಲಿಯೇ ಯಂತ್ರಬಾಲೆಯ ಪ್ರಹಸನವೊಂದನ್ನು ಬರೆಯೋಣ. ಅದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಸಭೆಯೆಲ್ಲ ನಗುವಾಗ ತಾನು ನಗದೆ ನಿಲ್ಲಬಲ್ಲ ಒಬ್ಬ ಹುಡುಗಿ ಸಾಕು. ಆದರೆ ಅವಳ ತಪ್ಪು ನಗೆ ತರಬೇಕಾದರೆ ಸರಿಯಾದ ಅರ್ಥ ಸಭೆಗೆ ತಿಳಿದಿರಬೇಕು. ನಮ್ಮ ನುಡಿಗಟ್ಟುಗಳನ್ನು ನಾವೇ ಮರೆತರೆ ಆ ಪ್ರಹಸನಕ್ಕೆ ನಗುವವರು ಯಾರು? ಕನ್ನಡವನ್ನು ಅರ್ಥವರಿತು ಆಡುವವರು ಇರುವ ತನಕ ಮಾತ್ರ ಕನ್ನಡದ ನಗೆ ಉಳಿಯುತ್ತದೆ.