ಪುರೋಹಿತರಿಗಿಂತ ಮೊದಲು ಓಸಿ

ಫಾಲ್ಗುಣ, ವೈಶಾಖ ಬಂತೆಂದರೆ ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳ ಲಿಫ್ಟಿನಲ್ಲಿ ಬಾಳೆಕಂದು, ಮಾವಿನ ಸೊಪ್ಪು, ಹೋಮಕ್ಕೆ ಬೇಕಾದ ಇಟ್ಟಿಗೆ ಎಲ್ಲವೂ ಒಟ್ಟೊಟ್ಟಿಗೆ ಮೇಲೇರುತ್ತವೆ. ಆಷಾಢದಲ್ಲಿ ಗೃಹಪ್ರವೇಶ ಆಗದು, ಧನುರ್ಮಾಸದಲ್ಲೂ ಆಗದು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ ಎರಡನ್ನೂ ಕಟ್ಟುತ್ತಿರುವ ಕುಟುಂಬಕ್ಕೆ ಒಂದು ತಿಂಗಳು ತಪ್ಪಿದರೂ ಭಾರ. ಈ ಅವಸರ ಬಿಲ್ಡರ್‌ಗಳಿಗೆ ಚೆನ್ನಾಗಿ ಗೊತ್ತು. ‘ನೀವು ಪೂಜೆ ಮಾಡ್ಕೊಳ್ಳಿ ಸಾರ್, ಓಸಿ ಮುಂದಿನ ತಿಂಗಳು ಬರುತ್ತೆ’ ಎಂಬ ಮಾತಿಗೆ ಎಷ್ಟೋ ಮನೆಗಳಲ್ಲಿ ಹಾಲು ಉಕ್ಕಿದೆ. ಆ ಮುಂದಿನ ತಿಂಗಳು ಮಾತ್ರ ವರ್ಷಗಟ್ಟಲೆ ಬಂದಿಲ್ಲ.

ಓಸಿ ಎಂದರೆ ಸ್ವಾಧೀನಾನುಭವ ಪ್ರಮಾಣಪತ್ರ. ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಕಟ್ಟಲಾಗಿದೆ, ಇದರಲ್ಲಿ ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ ಅದು. ನಕ್ಷೆಯಲ್ಲಿ ಇಲ್ಲದ ಒಂದು ಮಹಡಿ ಎದ್ದಿದ್ದರೆ, ಬಿಡಬೇಕಾದ ಜಾಗ ಬಿಡದಿದ್ದರೆ ಅದು ಸಿಗುವುದಿಲ್ಲ. ಅಂದರೆ ‘ಇನ್ನೂ ಬಂದಿಲ್ಲ’ ಎನ್ನುವ ಮಾತಿನಲ್ಲಿ ಕೆಲವೊಮ್ಮೆ ‘ಬರುವುದೇ ಇಲ್ಲ’ ಎಂಬುದೂ ಅಡಗಿರುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಲೆಕ್ಕದಲ್ಲಿ ಕ್ರಮ ಸ್ಪಷ್ಟವಾಗಿದೆ: ಮೊದಲು ಓಸಿ, ಅದಾದ ಎರಡು ತಿಂಗಳೊಳಗೆ ಖರೀದಿದಾರ ಮನೆಯನ್ನು ವಶಕ್ಕೆ ಪಡೆಯಬೇಕು. ರೂಢಿ ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡಿದೆ.

ಬಹುಕಾಲ ಇದರಿಂದ ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ, ಕರೆಂಟು ಬರುತ್ತಿತ್ತು, ನೀರು ಬರುತ್ತಿತ್ತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಆ ನಿಶ್ಚಿಂತೆಗೆ ತೆರೆ ಎಳೆಯಿತು. ಮೀರತ್‌ನ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ ಬಂದ ತೀರ್ಪು, ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಇಡೀ ದೇಶಕ್ಕೆ ಹೇಳಿತು. 2025ರಲ್ಲಿ ಬೆಸ್ಕಾಂ ಕಚೇರಿಗಳ ಮುಂದೆ ಅದರ ಬಿಸಿ ಕಾಣಿಸಿತು. ಕಾಯಂ ಮೀಟರ್ ಕೇಳಿದ ಅರ್ಜಿಗಳು ರಾಶಿ ಬಿದ್ದವು. ಕೊನೆಗೆ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಮೂವತ್ತು–ನಲವತ್ತರ ಸೈಟಿನಲ್ಲಿ ಸ್ವಂತಕ್ಕೆ ಕಟ್ಟಿಕೊಂಡವರು ಉಸಿರು ಬಿಟ್ಟರು. ಫ್ಲ್ಯಾಟ್ ಕೊಂಡವರಿಗೆ ಆ ಬಾಗಿಲು ತೆರೆಯಲಿಲ್ಲ.

ಕಾಯಂ ಮೀಟರ್ ಇಲ್ಲದಿದ್ದರೆ ಬಿಲ್ಡರ್ ಕಟ್ಟಡ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದಿಂದಲೇ ಮನೆಗೆ ಬೆಳಕು. ಅದರ ದರ ಗೃಹ ಬಳಕೆಯ ದರಕ್ಕಿಂತ ಹೆಚ್ಚು, ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಅದಕ್ಕೆ ಅನ್ವಯಿಸುವುದಿಲ್ಲ. ಫ್ಲ್ಯಾಟಿಗೆ ಕೋಟಿ ಕೊಟ್ಟವರೂ ಕೆಲಸದ ಸೈಟಿನ ಕರೆಂಟಿನಲ್ಲಿ ಇಡ್ಲಿ ಹಿಟ್ಟು ರುಬ್ಬಬೇಕು.

ಹಾಗಾಗಿ ಮುಹೂರ್ತ ಹುಡುಕುವ ಮುನ್ನ ಓಸಿಯ ಪ್ರತಿ ಕೈಗೆ ಬರಲಿ. ಕೊನೆಯ ಕಂತಿನ ಹಣವೂ ಅಲ್ಲಿಯವರೆಗೆ ಕೈಬಿಡದಿರಲಿ. ಆ ಹಣ ಖರೀದಿದಾರನ ಬಳಿ ಇರುವ ತನಕ ಬಿಲ್ಡರ್‌ನ ಕಚೇರಿಯಲ್ಲಿ ಕಾಫಿ ಸಿಗುತ್ತದೆ, ಫೋನಿಗೆ ಉತ್ತರ ಸಿಗುತ್ತದೆ. ಒಮ್ಮೆ ಸಂಸಾರ ಸಮೇತ ಒಳಹೊಕ್ಕು ಬಾಕಿ ಚುಕ್ತಾ ಮಾಡಿದ ಮೇಲೆ ಅದೇ ಮನುಷ್ಯ ‘ಮೀಟಿಂಗ್‌ನಲ್ಲಿದ್ದಾರೆ’.

ಮನೆಯನ್ನು ಕಣ್ಣಾರೆ ಪರೀಕ್ಷಿಸುವ ಕೆಲಸವೂ ಹೋಮದ ಹೊಗೆ ಏಳುವ ಮೊದಲೇ ಮುಗಿಯಬೇಕು. ಬೆಂಗಳೂರಿನಲ್ಲಿ 45 ಲಕ್ಷ ರೂಪಾಯಿ ಮೀರಿದ ಮನೆಗೆ ಮುದ್ರಾಂಕ ಶುಲ್ಕವೇ ಶೇ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಸೆಸ್ಸು, ಸರ್‌ಚಾರ್ಜು ಸೇರಿಸಿದರೆ ಕೋಟಿ ರೂಪಾಯಿ ಮನೆಗೆ ಏಳು ಲಕ್ಷಕ್ಕೂ ಮೀರಿ ಸರ್ಕಾರಕ್ಕೆ ಕಟ್ಟಿದವರು, ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್, ಒಬ್ಬ ಪ್ಲಂಬರ್‌ನ ಅರ್ಧ ದಿನದ ಕೂಲಿಗೆ ಹಿಂದುಮುಂದು ನೋಡುವುದು ವಿಚಿತ್ರ. ಮಾಡಬೇಕಾದ್ದು ಕಷ್ಟದ್ದೇನಲ್ಲ. ಬಚ್ಚಲಲ್ಲಿ ಎರಡು ಬಕೆಟ್ ನೀರು ಸುರಿದು ವಾಟ ಸರಿಯಿದೆಯೇ, ನೀರು ಜಾಲಿಯತ್ತಲೇ ಹರಿಯುತ್ತದೆಯೇ ನೋಡಬೇಕು. ನಾಣ್ಯದಿಂದ ಟೈಲ್ಸ್ ತಟ್ಟಿದರೆ ಕೆಳಗೆ ಗಾರೆ ತುಂಬದ ಕಡೆ ಟೊಳ್ಳು ಸದ್ದು ಬರುತ್ತದೆ. ಪ್ರತಿ ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಇದೆಯೇ, ಡಿಬಿ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದ್ದಾರೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟು ಕಡಿಯುತ್ತದೆಯೇ ಎಂಬುದನ್ನು ನೋಡಲೇಬೇಕು. ಗೀಸರ್‌ನಿಂದ ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ. ಟೇಪು ಹಿಡಿದು ಕಾರ್ಪೆಟ್ ಏರಿಯಾ ಅಳೆದರೆ ಬಿಲ್ಡರ್‌ನ ಕಡೆಯವರಿಗೆ ಮುಜುಗರವಾಗಬಹುದು, ಆಗಲಿ.

ಕಂಡ ದೋಷಗಳನ್ನೆಲ್ಲ ಬರೆದು, ಫೋಟೊ ಸಮೇತ ಇಮೇಲ್ ಮಾಡಿಟ್ಟರೆ ಮುಂದೆ ನೆರವಿಗೆ ಬರುತ್ತದೆ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಶಕ್ಕೆ ಪಡೆದ ಐದು ವರ್ಷದೊಳಗೆ ಕಾಣಿಸಿಕೊಂಡ ರಚನೆಯ ದೋಷ, ಕಳಪೆ ಕಾಮಗಾರಿಯನ್ನು ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಕಾಗದಪತ್ರಗಳ ಉಳಿದ ಸಾಲು ಉದ್ದವಿದೆ, ಆದರೆ ಅಷ್ಟೇನೂ ಹೆದರಿಸುವಂಥದ್ದಲ್ಲ. ಖಾತೆ ತಮ್ಮ ಹೆಸರಿಗೆ ಬಂದಿದೆಯೇ ಎಂದು ನೋಡುವವರು ಅದನ್ನೇ ಮಾಲೀಕತ್ವದ ದಾಖಲೆ ಎಂದು ನಂಬುವುದುಂಟು. ಖಾತೆ ಇರುವುದು ಆಸ್ತಿ ತೆರಿಗೆಗಾಗಿ, ಒಡೆತನ ಇರುವುದು ನೋಂದಾಯಿತ ಕ್ರಯಪತ್ರದಲ್ಲಿ. ನೋಂದಣಿಯಾದ ಮೇಲೆ ಹೊಸದಾಗಿ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ, ತಮ್ಮ ಹೆಸರಿನ ನಮೂದು ಸರಿಯಾಗಿ ಬಿದ್ದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಕ್ಷೇಮ. ಮನೆಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಟಿಡಿಎಸ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮರೆತರೆ ದಿನಕ್ಕೆ 200 ರೂಪಾಯಿ ಲೆಕ್ಕದಲ್ಲಿ ವಿಳಂಬ ಶುಲ್ಕ ಬೆಳೆಯುತ್ತದೆ. ಹಳೆಯ ಮನೆ ಕೊಂಡವರು ವಿದ್ಯುತ್, ನೀರು, ಆಸ್ತಿ ತೆರಿಗೆ, ಸಂಘದ ನಿರ್ವಹಣಾ ಶುಲ್ಕ ನಾಲ್ಕರಲ್ಲೂ ಹಿಂದಿನವರ ಬಾಕಿ ಇಲ್ಲವೆಂಬ ಪತ್ರ ಪಡೆದೇ ಪೂರ್ತಿ ಹಣ ಕೊಡಬೇಕು.

ಗೃಹಜ್ಯೋತಿಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹೊಸ ಮನೆಗೆ ತಕ್ಷಣ 200 ಯೂನಿಟ್ ಉಚಿತ ಸಿಗುವುದಿಲ್ಲ. ಹಿಂದಿನ ಬಳಕೆಯ ಲೆಕ್ಕವೇ ಇಲ್ಲದ್ದರಿಂದ ರಾಜ್ಯದ ಸರಾಸರಿಯಾದ 53 ಯೂನಿಟ್ ಮತ್ತು ಅದರ ಮೇಲೆ ಶೇ 10, ಅಂದರೆ 58ರ ಆಸುಪಾಸಿನಲ್ಲಿ ಅರ್ಹತೆ ನಿಲ್ಲುತ್ತದೆ. ಬಾಡಿಗೆ ಮನೆಯ ಮೀಟರಿಗೆ ಜೋಡಿಸಿದ್ದ ಆಧಾರ್ ಬಿಡಿಸಿದ ಮೇಲಷ್ಟೇ ಹೊಸ ಮೀಟರಿಗೆ ಜೋಡಿಸಬಹುದು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8. ಗ್ಯಾಸ್ ಸಂಪರ್ಕ ವರ್ಗಾಯಿಸುವಾಗ ಒಲೆಯ ರಬ್ಬರ್ ಪೈಪನ್ನೂ ಬದಲಿಸಬೇಕು, ಐದು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಬಾಗಿಲಿನ ಬೀಗವನ್ನೂ ಹಾಗೆಯೇ: ಬಡಗಿ, ಪೇಂಟರ್, ಸೂಪರ್‌ವೈಸರ್ ಎಂದು ಎಷ್ಟು ಕೈಗಳಲ್ಲಿ ಆ ಕೀ ಓಡಾಡಿದೆಯೋ ಯಾರಿಗೆ ಗೊತ್ತು!

ಇಷ್ಟನ್ನೂ ಖರೀದಿದಾರನ ತಲೆಗೇ ಕಟ್ಟುವುದು ನ್ಯಾಯವೇ? ಓಸಿಯ ವಿಷಯದಲ್ಲಂತೂ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಎಂದಾಗ ಗದ್ದಲವಾಯಿತು, ಕಾವೇರಿ ತಂತ್ರಾಂಶವನ್ನು ಜನ ಶಪಿಸಿದರು, ಕ್ರಮೇಣ ಎಲ್ಲರೂ ಒಗ್ಗಿಕೊಂಡರು. ಅದೇ ತಂತ್ರಾಂಶದಲ್ಲಿ, ಹೊಸ ಅಪಾರ್ಟ್‌ಮೆಂಟಿನ ಕ್ರಯಪತ್ರಕ್ಕೆ ಓಸಿ ಸಂಖ್ಯೆ ಕಡ್ಡಾಯ ಮಾಡಿದರೆ ಸಾಕು. ಮೀಟರ್ ಹಂತದಲ್ಲಿ ತಡೆದರೆ ನರಳುವುದು ದುಡ್ಡು ಕೊಟ್ಟು ಮುಗಿಸಿದ ಕುಟುಂಬ, ನೋಂದಣಿಯ ಹಂತದಲ್ಲಿ ತಡೆದರೆ ಬಿಸಿ ತಟ್ಟುವುದು ಬಿಲ್ಡರ್‌ಗೆ. ಓಸಿ ಕೊಡುವ ಪಾಲಿಕೆ, ನೋಂದಣಿ ಮಾಡುವ ಮುದ್ರಾಂಕ ಇಲಾಖೆ, ಮೀಟರ್ ಕೊಡುವ ಬೆಸ್ಕಾಂ ಮೂರೂ ಒಂದೇ ರಾಜ್ಯದ ಅಧೀನದಲ್ಲಿರುವಾಗ ಕೊನೆಯ ಕಿಟಕಿಯಲ್ಲಿ ಮಾತ್ರ ನಿಯಮ ನೆನಪಾಗುವುದಕ್ಕೆ ಅರ್ಥವಿಲ್ಲ.

ಆ ಬದಲಾವಣೆ ಬರುವವರೆಗೆ ಕೇಳುವ ಕೆಲಸ ಕೊಳ್ಳುವವರದ್ದೇ. ಬಿಲ್ಡರ್ ಓಸಿಯ ಪ್ರತಿ ಕೊಡಲು ಸತಾಯಿಸಿದರೆ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ.