ಕಾಯ್ದೆ ಸತ್ತಿತು, ನಕ್ಷೆ ಸಾಯಲಿಲ್ಲ



ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತೆ. ದಕ್ಷಿಣ ಆಫ್ರಿಕಾದ ವರ್ಣಭೇದ 1994ರಲ್ಲೇ ಮುಗೀತು, ಮಂಡೇಲಾ ಅಧ್ಯಕ್ಷರಾದರು, ಕರಿಯರಿಗೆ ಓಟು ಬಂತು, ಇನ್ನೂ ಅದೇ ಹಾಡು ಯಾಕೆ ಅಂತ. ಚಪ್ಪಾಳೆಯೂ ಬೀಳುತ್ತೆ. ನಾವು ಕೇಳಬೇಕಾದ್ದು ಬೇರೆ. ಮುಗಿದದ್ದು ಯಾವುದು? ಉಳಿದದ್ದು ಯಾವುದು?

ಬೆಂಚಿನ ಮೇಲೆ, ಬಸ್ಸಿನ ಮೇಲೆ 'ಬಿಳಿಯರಿಗೆ ಮಾತ್ರ' ಅಂತ ಬರೆದದ್ದು ಕಣ್ಣಿಗೆ ಕಾಣುವ ಅವಮಾನ. ಕಾಣದ ಕೆಲಸ ಅದಕ್ಕೂ ಮುಂಚೆಯೇ ನಡೆದಿತ್ತು. 1913ರ ಭೂ ಕಾಯ್ದೆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 7 ಪಾಲನ್ನು ಮಾತ್ರ ಕರಿಯರಿಗೆ ಬಿಟ್ಟಿತು. ಜನಸಂಖ್ಯೆಯಲ್ಲಿ ಮೂರರಲ್ಲಿ ಎರಡು ಪಾಲು ಅವರೇ! 1936ರಲ್ಲಿ ಅದನ್ನು 13ರ ಹತ್ತಿರಕ್ಕೆ ಏರಿಸಿದ್ದೇ ದೊಡ್ಡ ಉದಾರತನ. ನೆಲ ಹೋದವನು ಬಿಳಿಯನ ಗಣಿಗೆ, ತೋಟಕ್ಕೆ ಕೂಲಿಗೆ ಹೋಗದೆ ಇನ್ನೇನು ಮಾಡ್ತಾನೆ? ಚಿನ್ನದ ಗಣಿಗೆ ಅಗ್ಗದ ತೋಳು ಬೇಕಿತ್ತು. ಆ ತೋಳಿನ ಮನುಷ್ಯ, ಅವನ ಹೆಂಡತಿ ಮಕ್ಕಳು ಪಟ್ಟಣಕ್ಕೆ ಬೇಕಿರಲಿಲ್ಲ. ಅದಕ್ಕೇ ಪಾಸು. ಹದಿನಾರು ತುಂಬಿದ ಕರಿಯ ತನ್ನದೇ ದೇಶದಲ್ಲಿ ಪಾಸುಪುಸ್ತಕ ಇಟ್ಟುಕೊಂಡೇ ಓಡಾಡಬೇಕು, ಇಲ್ಲದಿದ್ದರೆ ಲಾಕಪ್ಪು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪಾಸು ಬೇಡ ಅಂತ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕವೇ 69 ಹೆಣ. ಬಹಳ ಜನಕ್ಕೆ ಗುಂಡು ಬಿದ್ದದ್ದು ಬೆನ್ನಿಗೆ.

ಹಾಸ್ಟೆಲಿನವರು ಇನ್ನೊಂದನ್ನು ಗಮನವಿಟ್ಟು ಓದಬೇಕು. 1953ರಲ್ಲಿ ಬಾಂಟು ಶಿಕ್ಷಣ ಕಾಯ್ದೆ ತಂದ ಮಂತ್ರಿ ವೆರ್ವೋರ್ಡ್ ಏನನ್ನೂ ಮುಚ್ಚಿಡಲಿಲ್ಲ. ಬಿಳಿಯರ ನಡುವೆ ಕರಿಯನಿಗೆ ಕೂಲಿಗಿಂತ ಮೇಲೆ ಜಾಗವಿಲ್ಲ, ಅವನ ಮಗುವಿಗೆ ಗಣಿತ ಯಾಕೆ ಅನ್ನುವುದೇ ಅವನ ವಾದ. 1970ರ ದಶಕದ ನಡುವಿಗೆ ಒಂದು ಬಿಳಿ ಮಗುವಿನ ಓದಿಗೆ ಸರ್ಕಾರ ವರ್ಷಕ್ಕೆ ಸುಮಾರು 644 ರ‍್ಯಾಂಡ್ ಸುರಿಯುತ್ತಿತ್ತು, ಕರಿಯ ಮಗುವಿಗೆ 42. ಅದೂ ಸಾಲದೆ, ಅರ್ಧ ಪಾಠ ಆಳುವವರ ಆಫ್ರಿಕಾನ್ಸ್ ಭಾಷೆಯಲ್ಲೇ ಆಗಬೇಕೆಂದು ಆಜ್ಞೆ. 1976ರ ಜೂನ್ 16ರಂದು ಸೊವೆಟೊದ ಸಾವಿರಾರು ಮಕ್ಕಳು ಯೂನಿಫಾರಂನಲ್ಲೇ ಬೀದಿಗಿಳಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್ ಎಂಬ ಹನ್ನೆರಡು ವರ್ಷದ ಹುಡುಗ. ನಮಗಿಂತ ಚಿಕ್ಕವನು.

ಇನ್ನು ನಕ್ಷೆ. 1950ರ ಗುಂಪು ಪ್ರದೇಶ ಕಾಯ್ದೆ ಪಟ್ಟಣಗಳನ್ನು ಬಣ್ಣಕ್ಕೆ ತಕ್ಕಂತೆ ಹರಿದು ಹಂಚಿತು. ನಡುವೆ ರೈಲು ಹಳಿ, ಕಾರ್ಖಾನೆ ಸಾಲು, ಇಲ್ಲವೇ ಬರೀ ಬಯಲು. ಊರಿಗೂ ಕೇರಿಗೂ ನಡುವಿನ ಬಯಲನ್ನು ದಿನಾ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. (ನಕ್ಷೆಯ ಆಟ ಅಮೆರಿಕದಲ್ಲೂ ನಡೆದಿದೆ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಕ್ಷೆಯಲ್ಲಿ ಕರಿಯರ ಕೇರಿಗಳಿಗೆ ಕೆಂಪು ಬಳಿಯಿತು. ಅಂಥ ಕಡೆ ಮನೆಸಾಲ ಹುಟ್ಟುತ್ತಿರಲಿಲ್ಲ. 1968ರಲ್ಲಿ ಇದರ ವಿರುದ್ಧ ಕಾನೂನು ಬರುವ ಹೊತ್ತಿಗೆ ಬಿಳಿಯರ ಮಕ್ಕಳಿಗೆ ಅಪ್ಪನ ಮನೆ ಇತ್ತು, ಕರಿಯರ ಮಕ್ಕಳಿಗೆ ಬಾಡಿಗೆ ಚೀಟಿ.)

ದಕ್ಷಿಣ ಆಫ್ರಿಕಾದ ಪಾಸು 1986ರಲ್ಲಿ ಹೋಯಿತು. ಭೂ ಕಾಯ್ದೆ, ಗುಂಪು ಪ್ರದೇಶ ಕಾಯ್ದೆ 1991ರಲ್ಲಿ ಹೋದವು. ಆದರೆ 2017ರ ಸರ್ಕಾರಿ ಲೆಕ್ಕ ನೋಡಿ: ವ್ಯಕ್ತಿಗಳ ಹೆಸರಲ್ಲಿರುವ ಕೃಷಿಭೂಮಿಯಲ್ಲಿ ನೂರಕ್ಕೆ 72 ಬಿಳಿಯರದು, 4 ಕರಿಯರದು. ಬಿಳಿಯರು ಜನಸಂಖ್ಯೆಯಲ್ಲಿ ನೂರಕ್ಕೆ ಎಂಟರ ಆಸುಪಾಸು! ಕೇಪ್‌ಟೌನಿನಲ್ಲಿ ಪಾತ್ರೆ ತೊಳೆಯುವ ಹೆಂಗಸು ಈಗಲೂ ಕತ್ತಲಲ್ಲೇ ಎದ್ದು ದೂರದ ಕೇರಿಯಿಂದ ಮಿನಿಬಸ್ಸು ಹಿಡಿಯುತ್ತಾಳೆ. ಪಾಸು ಕೇಳುವ ಪೊಲೀಸ ಇಲ್ಲ, ಅಷ್ಟೆ. ದೂರ ಅಷ್ಟೇ ಇದೆ.

ಅದೇ ಊರಿನ ನಡುವೆ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಒಂದು ಬಡಾವಣೆ ಇತ್ತು. ಎಲ್ಲ ಬಣ್ಣದವರೂ ಕೂಡಿ ಬಾಳುತ್ತಿದ್ದರು. ಅದೇ ತಪ್ಪಾಯಿತು. 1966ರಲ್ಲಿ ಅದನ್ನು ಬಿಳಿಯರ ಜಾಗವೆಂದು ಸಾರಿ, 60,000ಕ್ಕೂ ಹೆಚ್ಚು ಜನರನ್ನು ಊರಾಚೆಯ ಮರಳುಬಯಲಿಗೆ ಅಟ್ಟಿದರು. ಚರ್ಚು ಮಸೀದಿ ಬಿಟ್ಟು ಉಳಿದದ್ದೆಲ್ಲ ಬುಲ್‌ಡೋಜರಿಗೆ. ಈಗ ಅಲ್ಲಿ ಹಳೆಯ ಚರ್ಚೊಂದರಲ್ಲಿ ಮ್ಯೂಸಿಯಂ ಇದೆ. ನೆಲದ ತುಂಬ ಆ ಬಡಾವಣೆಯ ನಕ್ಷೆ ಹಾಸಿದ್ದಾರೆ. ಹೊರದೂಡಲ್ಪಟ್ಟವರು ಬಂದು, ಬಗ್ಗಿ, ತಮ್ಮ ಮನೆ ಇದ್ದ ಜಾಗ ಹುಡುಕಿ ಹೆಸರು ಬರೆದಿದ್ದಾರೆ. ಹೊರಗಿನ ಬಯಲಲ್ಲಿ ವಾಪಸು ಕಟ್ಟಿಕೊಟ್ಟದ್ದು ಕೆಲವೇ ನೂರು ಮನೆ. ಅರ್ಜಿ ಹಾಕಿ ಕಾದ ಎಷ್ಟೋ ಮುದುಕರು, ಮುದುಕಿಯರು ಬೀಗದ ಕೈ ನೋಡದೆಯೇ ತೀರಿಹೋದರು.