ಅಟ್ಟದ ಮೇಲಿನ ಬೇಟೆಯ ಬಂದೂಕು

ನಮ್ಮ ಕಡೆಯ ಹಳೆಯ ವಾಡೆಗಳು ಒಂದೊಂದಾಗಿ ನೆಲವನ್ನು ಕಾಣುತ್ತಲಿವೆ. ಭಾಲ್ಕಿ, ಔರಾದ, ಕಮಲನಗರಗಳ ಸುತ್ತಿನ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯನ್ನು ಇಳಿಸಿ ಸಿಮೆಂಟಿನ ಮನೆಯನ್ನು ಕಟ್ಟುವಾಗ, ಅಟ್ಟದಿಂದ ಹಿತ್ತಾಳೆಯ ಹಂಡೆ, ಮೋಡಿ ಲಿಪಿಯ ಕಾಗದ, ಉರ್ದುವಿನ ದಸ್ತೈವಜು ಮೊದಲಾದುವು ಹೊರಬೀಳುವುದುಂಟು. ಅವುಗಳೊಡನೆ ಒಮ್ಮೊಮ್ಮೆ ಗೋಣಿತಟ್ಟಿನಲ್ಲಿ ಸುತ್ತಿದ ಬಂದೂಕೂ ಬೀಳುವುದು. ಮನೆಯವರು ಮೊದಲು ಹೆದರುವರು, ಅನಂತರ ಹಿಗ್ಗುವರು, ಕೊನೆಗೆ ಯಾರನ್ನು ಕೇಳಬೇಕೆಂದು ತಿಳಿಯದೆ ಮತ್ತೆ ಗೋಣಿತಟ್ಟಿನಲ್ಲಿಯೇ ಸುತ್ತಿಡುವರು. ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಅಪಾಯಕರವಾದುದರಿಂದ ಈ ತಿಂಗಳು ಆ ವಿಷಯವನ್ನು ಎತ್ತಿಕೊಂಡಿದ್ದೇನೆ.

ಇಂತಹ ಬಂದೂಕುಗಳು ಇಲ್ಲಿ ಏಕೆ ಉಳಿದುವೆಂಬುದು ಗೂಢವಲ್ಲ. ನಿಜಾಮರ ಆಳ್ವಿಕೆಯಲ್ಲಿ ಜಹಗೀರುದಾರರಿಗೂ ದೊಡ್ಡ ಅಧಿಕಾರಿಗಳಿಗೂ ಬೇಟೆಯು ಮರ್ಯಾದೆಯ ವಿನೋದವಾಗಿದ್ದಿತು. ಮನುವು ಮೃಗಯೆಯನ್ನು ಕಾಮಜವ್ಯಸನಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಶಾಕುಂತಲದ ಸೇನಾಪತಿಯಾದರೋ ಅದನ್ನೇ ದೇಹಕ್ಕೆ ಲಾಘವವನ್ನು ಕೊಡುವುದೆಂದು ಹೊಗಳಿದನು. ನಮ್ಮ ದೊರೆಮಕ್ಕಳು ಸೇನಾಪತಿಯ ಪಕ್ಷವನ್ನೇ ಹಿಡಿದರು. ೧೯೪೮ನೆಯ ಸಪ್ಟೆಂಬರದಲ್ಲಿ ಹೈದರಾಬಾದು ಸಂಸ್ಥಾನದ ಸ್ವತಂತ್ರ ಆಳ್ವಿಕೆ ಮುಗಿಯಿತು. ೧೯೪೯ರಲ್ಲಿ ಜಹಗೀರುಗಳು ರದ್ದಾದುವು. ೧೯೫೬ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನೇ ನಿಲ್ಲಿಸಿತು. ಬಂದೂಕಿಗೆ ಕೆಲಸವು ತಪ್ಪಿತು. ಹಿಡಿದ ಕೈಯೂ ಕಾಲವಶವಾಯಿತು. ಚಿಗರಿಗಳು ಮಾತ್ರ ನಮ್ಮ ತೊಗರಿಯ ಹೊಲಗಳಲ್ಲಿ ಇನ್ನೂ ಮೇಯುತ್ತಲಿವೆ.

ಬಂದೂಕು ಕಣ್ಣಿಗೆ ಬಿದ್ದೊಡನೆ ತಿಳಿಯಬೇಕಾದ ಮೊದಲ ಮಾತು: ಅದರೊಳಗೆ ತೋಟಾ ಇದೆಯೆಂದೇ ಭಾವಿಸತಕ್ಕದ್ದು. ಮೂತಿಯನ್ನು ಯಾರ ಕಡೆಗೂ ತಿರುಗಿಸಕೂಡದು. ಹುಡುಗರ ಕೈಗೆ ಕೊಡಕೂಡದು. ಒಳಗೆ ಇಣಿಕಿ ನೋಡಕೂಡದು. ಎಂಬತ್ತು ವರ್ಷದ ತೋಟಾ ಸತ್ತಿರುವುದೆಂದು ನಂಬುವುದಕ್ಕೆ ಆಧಾರವಿಲ್ಲ. ಬಲ್ಲವರು ಬಂದು ಅದನ್ನು ಬರಿದುಮಾಡಿದ ಮೇಲೆಯೇ ಉಳಿದ ವಿಚಾರ.

ಇನ್ನು ಗುರುತಿನ ವಿಷಯ. ಗಿರಣಿಯ ಸರಕಿಗೂ ಒಬ್ಬ ಧಣಿಗಾಗಿ ಹೇಳಿ ಮಾಡಿಸಿದ ಬಂದೂಕಿಗೂ ಅಂಗಡಿಯ ಅಂಗಿಗೂ ಅಳತೆಕೊಟ್ಟು ಹೊಲಿಸಿದ ಅಂಗಿಗೂ ಇರುವಷ್ಟೇ ವ್ಯತ್ಯಾಸವಿದೆ. ಲಂಡನ್ನಿನ ಹೆಸರಾಂತ ಕೆಲಸಗಾರರು ಗಿರಾಕಿಯ ತೋಳಿನ ಉದ್ದವನ್ನೂ ಕೊರಳಿನ ಎತ್ತರವನ್ನೂ ನೋಡಿ ಹಿಂದಿನ ಕಟ್ಟಿಗೆಯನ್ನು, ಅಂದರೆ ಕುಂದವನ್ನು, ಕಡೆಯುತ್ತಿದ್ದರು. ಬಂದೂಕನ್ನು ಮೇಲಿನಿಂದ ನೋಡಿದಾಗ ಕುಂದವು ಕೊಂಚ ಬಲಕ್ಕೆ ವಾಲಿದ್ದರೆ ಬಲಗೈಯವನಿಗಾಗಿ, ಎಡಕ್ಕೆ ವಾಲಿದ್ದರೆ ಎಡಗೈಯವನಿಗಾಗಿ ಮಾಡಿದ್ದೆಂದು ತಿಳಿಯಬಹುದು. ಕುಂದದ ಕೆಳಮೈಯಲ್ಲಿ ಬೆಳ್ಳಿಯ ಅಥವಾ ಬಂಗಾರದ ಅಂಡಾಕಾರದ ಸಣ್ಣ ಬಿಲ್ಲೆಯಿದ್ದರೆ ಅದು ಯಜಮಾನನ ಹೆಸರಿನ ಅಕ್ಷರಗಳಿಗೆ ಬಿಟ್ಟ ಸ್ಥಳ. ಮನೆತನದ ಚರಿತ್ರೆಗೆ ಬೇಕಾದವನು ಮೊದಲು ಆ ಬಿಲ್ಲೆಯನ್ನೇ ನೋಡಬೇಕು.

ನಳಿಗೆಯ ಮೇಲೆ ಕೆತ್ತಿದ ದೊಡ್ಡ ಹೆಸರನ್ನು ಓದಿ ಮೋಸಹೋಗುವವರು ಬಹಳ. ಕಲಕತ್ತೆಯ ರೊಡ್ಡಾ, ಮ್ಯಾಂಟನ್, ಮದರಾಸಿನ ಪಿ. ಆರ್ ಆಂಡ್ ಸನ್ಸ್ ಎಂಬ ಹೆಸರುಗಳು ನಮ್ಮ ದೇಶದ ಅನೇಕ ಬಂದೂಕುಗಳ ಮೇಲಿವೆ. ಇವು ಬಹುತೇಕ ಮಾರಿದ ಅಂಗಡಿಯ ಹೆಸರುಗಳು. ಮಾಡಿದವನು ಬರ್ಮಿಂಗ್‌ಹ್ಯಾಮಿನಲ್ಲಿಯೋ ಲಂಡನ್ನಿನಲ್ಲಿಯೋ ಇದ್ದನು. (ರೊಡ್ಡಾ ಕಂಪನಿಯ ಹೆಸರನ್ನು ವಾಚಕರು ಬೇರೆಡೆ ಕೇಳಿರಬಹುದು. ೧೯೧೪ನೆಯ ಅಗಸ್ಟಿನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಅದರ ಸರಕಿನಿಂದಲೇ ೫೦ ಮೌಸರ್ ಪಿಸ್ತೂಲುಗಳನ್ನು ಹಾರಿಸಿದರು.) ನಿಜವಾದ ಸಾಕ್ಷಿಯು ನಳಿಗೆಯ ಅಡಿಯಲ್ಲಿ, ಕಟ್ಟಿಗೆಯು ಮುಚ್ಚಿದ ಭಾಗದಲ್ಲಿ, ಸಣ್ಣ ಮುದ್ರೆಗಳ ರೂಪದಲ್ಲಿರುವುದು. ಲಂಡನ್ನಿನ ಕೋವಿಗಾರರ ಸಂಘಕ್ಕೆ ೧೬೩೭ರಲ್ಲಿಯೇ ಸನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು ೧೮೧೩ರಲ್ಲಿ ಹುಟ್ಟಿತು. ಪ್ರತಿಯೊಂದು ನಳಿಗೆಯನ್ನೂ ಹೆಚ್ಚಿನ ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದರೆ ಕಿರೀಟವನ್ನೂ ಅಕ್ಷರಗಳನ್ನೂ ಒತ್ತುವುದು ಅಲ್ಲಿಯ ಪದ್ಧತಿ. ಬೆಲ್ಜಿಯಮ್ಮಿನ ಲಿಯೇಜಿನ ಮುದ್ರೆಯು ಅಂಡಾಕಾರದೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರಗಳು.

ಕೆಲವು ನಳಿಗೆಗಳ ಮೇಲೆ ‘ಕಾರ್ಡೈಟ್ ೭೦-೪೮೦’ ಎಂಬಂತಹ ಬರಹವು ಕಾಣುವುದು. ೭೦ ಗ್ರೇನ್ ತೂಕದ ಕಾರ್ಡೈಟ್ ಮದ್ದು, ೪೮೦ ಗ್ರೇನಿನ ಗುಂಡು, ಇದಕ್ಕಿಂತ ಹೆಚ್ಚು ಸಲ್ಲದು ಎಂದು ಅದರ ಅರ್ಥ. ಈ ಬರಹವೇ ಪ್ರಾಣದ ಪ್ರಶ್ನೆ. ಹಿಂದೆ ಕರಿಮದ್ದಿಗಾಗಿ ೪೫೦ ಎಂಬ ಅಳತೆಯ ಬೇಟೆಯ ರೈಫಲುಗಳನ್ನು ಮಾಡುತ್ತಿದ್ದರು. (೪೫೦ ಎಂದರೆ ಅಂಗುಲವನ್ನು ಸಾವಿರ ಪಾಲು ಮಾಡಿದಲ್ಲಿ ೪೫೦ ಪಾಲು.) ೧೮೯೮ರಲ್ಲಿ ರಿಗ್ಬಿ ಎಂಬವರು ಅದೇ ಉದ್ದ, ಅದೇ ಗಾತ್ರದ ಕೊಳವೆಯಲ್ಲಿ ಕಾರ್ಡೈಟನ್ನು ತುಂಬಿ ಬಹು ಬಲವಾದ ತೋಟಾವನ್ನು ಹೊರತಂದರು. ಆದುದರಿಂದ ಹೊಸ ತೋಟಾವು ಹಳೆಯ ರೈಫಲಿನೊಳಗೆ ಸುಖವಾಗಿ ಕೂಡುವುದು. ಹಾರಿಸಿದರೆ ನಳಿಗೆಯು ಮುಖದ ಬಳಿಯೇ ಸಿಡಿಯಬಹುದು. ‘ತೋಟಾ ಸರಿಯಾಗಿ ಕೂತಿತು, ಆದ್ದರಿಂದ ಇದರದೇ’ ಎಂಬ ತರ್ಕವು ಇಲ್ಲಿ ಹೇತ್ವಾಭಾಸ.

ಇದೇ ೪೫೦ರ ಸಂಬಂಧವಾಗಿ ನಮ್ಮ ದೇಶದ ಚರಿತ್ರೆಯಲ್ಲಿ ಇನ್ನೊಂದು ಸ್ವಾರಸ್ಯವುಂಟು. ಆ ಅಳತೆಯ ಗುಂಡುಗಳು ಸರಕಾರದ ಹಳೆಯ ಮಾರ್ಟಿನಿ ಬಂದೂಕುಗಳಿಗೂ ಒದಗಬಹುದೆಂದೂ ಅವು ದಂಗೆಕೋರರ ಕೈಸೇರಿಯಾವೆಂದೂ ಹೆದರಿ, ಇಂಗ್ಲಿಷ್ ಸರಕಾರವು ೧೯೦೭ರ ಸುಮಾರಿಗೆ ೪೫೦ನ್ನು ಹಿಂದುಸ್ಥಾನಕ್ಕೆ ತರಕೂಡದೆಂದು ನಿಷೇಧಿಸಿತು. ಕೂಡಲೆ ಲಂಡನ್ನಿನವರು ೪೬೫, ೪೭೦, ೪೭೫ ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದರು. ವ್ಯಾಪಾರಿಗೆ ಕಾಯಿದೆಯು ಬೇಲಿಯಲ್ಲ, ತಿರುವು ಮಾತ್ರ! ಜೋಡುನಳಿಗೆಯ ರೈಫಲಿನ ಮೇಲೆ ೪೭೦ ಎಂದಿದ್ದರೆ ಅದು ಆ ನಿಷೇಧಕ್ಕಿಂತ ಹಿಂದಿನದಲ್ಲವೆಂದು ಬಹುಮಟ್ಟಿಗೆ ಹೇಳಬಹುದು.

ಮುದ್ರೆಯಿಂದಲೇ ವಂಶವನ್ನು ಹಿಡಿಯುವುದು ನಮ್ಮ ನಾಡಿಗೆ ಹೊಸದಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟೀಪು ಸುಲ್ತಾನರಿಗಾಗಿ ಮಾಡಿದ ಚಕಮಕಿ ಕೋವಿಗಳು ೧೭೯೯ನೆಯ ಮೇ ೪ರ ತರುವಾಯ ಕೊಳ್ಳೆಯಾಗಿ ಸೀಮೆಗೆ ಹೋದುವು. ಇಂದು ಅವನ್ನು ಹುಲಿಯ ಪಟ್ಟೆಗಳಿಂದಲೂ ಹೈದರನ ಹೆಸರಿನ ಮುದ್ರೆಯಿಂದಲೂ ಗುರುತಿಸುವರು. ಟೀಪು ತಂದ ಮೌಲೂದಿ ಶಕದ ವರ್ಷಗಳನ್ನು ನಾಣ್ಯಗಳ ಮೇಲೆ ಬಲದಿಂದ ಎಡಕ್ಕೆ ಓದಬೇಕು; ಸಂಸ್ಕೃತದ ಭೂತಸಂಖ್ಯೆಯಲ್ಲಿ ಅಂಕಗಳು ಎಡಕ್ಕೆ ನಡೆಯುವುದನ್ನು ಕಲಿತವನಿಗೆ ಇದರಿಂದ ತೊಡಕೇನೂ ಆಗದು.

ಹೊಸ ಕಾಲದ ನಿದರ್ಶನವೆಂದರೆ ಜಿಮ್ ಕಾರ್ಬೆಟ್ಟರ ರಿಗ್ಬಿ ರೈಫಲು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ೧೯೦೭ರಲ್ಲಿ ಕೊಂದುದಕ್ಕಾಗಿ ಸರ್ ಜಾನ್ ಹೀವೆಟ್ಟರು ಅವರಿಗೆ ೨೭೫ ಅಳತೆಯ ಆ ರೈಫಲನ್ನು ಕೊಟ್ಟರು. ಕುಂದದಲ್ಲಿ ಕೂಡಿಸಿದ ಬೆಳ್ಳಿಯ ಫಲಕದಲ್ಲಿ ಆ ಸಂಗತಿಯು ಬರೆದಿದೆ. ಕಾರ್ಬೆಟ್ಟರು ೧೯೫೫ರಲ್ಲಿ ತೀರಿಕೊಂಡರು. ರೈಫಲು ಕೈಯಿಂದ ಕೈಗೆ ದಾಟಿ, ಅದನ್ನು ಮಾಡಿದ ರಿಗ್ಬಿಯವರ ಬಳಿಗೇ ೨೦೧೫ರಲ್ಲಿ ಮರಳಿತು. ಫಲಕದ ಮಾತಿಗೆ ಅಂಗಡಿಯ ಖಾತೆಯ ಪುಸ್ತಕವು ಸಾಕ್ಷಿ. ಇಂತಹ ಹಳೆಯ ಖಾತೆಗಳನ್ನು ಇಂಗ್ಲೆಂಡಿನ ಹಲವು ಮನೆತನಗಳು ಇನ್ನೂ ಇಟ್ಟುಕೊಂಡಿವೆ. ಟ್ರಿಗರಿನ ಕಾಪುಪಟ್ಟಿಯ ಮೇಲಿನ ಅಂಕೆಯನ್ನು ಬರೆದು ಕಳುಹಿಸಿದರೆ ಯಾವ ವರ್ಷ, ಯಾರಿಗೆ ಎಂಬುದು ದೊರೆಯಬಹುದು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರು ಹಿಡಿಯುತ್ತಿದ್ದ ೪೦೫ ವಿಂಚೆಸ್ಟರು ಅಮೆರಿಕದ ಗಿರಣಿಯ ಸರಕು. ಕೆತ್ತನೆಯಿಲ್ಲದ ಬಂದೂಕಿಗೆ ಬೆಲೆಯಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ.

ಜೀರ್ಣೋದ್ಧಾರದ ಮಾತಿಗೆ ಬರೋಣ. ನೆರೆಯ ಹಳ್ಳಿಯ ತರುಣನೊಬ್ಬನು ತನ್ನ ಅಜ್ಜನ ಬಂದೂಕಿನ ಸುದ್ದಿಯನ್ನು ತಂದು, “ಮಾಸ್ತರ್ರೀ, ಉಸುಕಿನ ಕಾಗದ ಹಾಕಿ ತಿಕ್ಕಿದರೆ ಕನ್ನಡಿಯಂತೆ ಬೆಳ್ಳಗಾಗುತ್ತದಲ್ಲರೀ?” ಎಂದು ಕೇಳಿದನು.

“ನಿಮ್ಮ ಮನೆಯಲ್ಲಿ ಬಿದರಿಯ ಹೂದಾನಿ ಇದೆಯೇನಪ್ಪಾ?” ಎಂದೆನು.

“ಇದೆರೀ.”

“ಅದರ ಕಪ್ಪನ್ನು ತಿಕ್ಕಿ ತೆಗೆಯುವಿಯೇನು?”

ಬಿದರಿಯ ಕಪ್ಪು ಕೊಳೆಯಲ್ಲ. ಸತುವಿನ ಪಾತ್ರೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಲೇಪಿಸಿ ಬರಿಸಿದ ಬಣ್ಣ. ಉತ್ತಮ ಬಂದೂಕಿನ ನಳಿಗೆಯ ಕರಿನೀಲಿಯೂ ಹಾಗೆಯೇ. ಉಕ್ಕಿಗೆ ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದನ್ನು ಕೆಂಪಿನಿಂದ ಕಪ್ಪಿಗೆ ತಿರುಗಿಸಿ, ಕುಂಚದಿಂದ ಉಜ್ಜಿ, ಮತ್ತೆ ಮತ್ತೆ ಅದನ್ನೇ ಮಾಡಿ ದಿನಗಟ್ಟಲೆ ಪಡೆದ ಬಣ್ಣವದು. ಉಸುಕಿನ ಕಾಗದವು ಅದನ್ನು ಒಂದು ಗಳಿಗೆಯಲ್ಲಿ ತಿನ್ನುವುದು; ಮುದ್ರೆಗಳನ್ನೂ ಅಳಿಸುವುದು. ಹೊಸ ತುಕ್ಕಿಗೆ ತೆಳುವಾದ ಎಣ್ಣೆಯನ್ನು ಸವರಿ ಒಂದೆರಡು ದಿನ ಬಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕುಂದವು ಸಾಮಾನ್ಯವಾಗಿ ಅಕ್ರೋಟಿನ ಕಟ್ಟಿಗೆ. ಕಾಯಿಸಿದ ಅಗಸೆಯ ಎಣ್ಣೆಯ ನಾಲ್ಕು ಹನಿಗಳನ್ನು ಅಂಗೈಯಿಂದ ತಿಕ್ಕಿದರೆ ಅದು ತಾನಾಗಿ ಮೆರುಗುವುದು. ಕಟ್ಟಿಗೆಯನ್ನು ಕೆರೆದರೆ ಅದು ಲೋಹಕ್ಕಿಂತ ತಗ್ಗಿಗೆ ಇಳಿದು ಕಾಯಂ ಕುರೂಪವಾಗುವುದು. ತಿರುಪುಗಳಿಗೆ ಕೈಹಚ್ಚಲೇಬಾರದು, ಒಳ್ಳೆಯ ಕೆಲಸಗಾರನು ಪ್ರತಿಯೊಂದು ತಿರುಪಿನ ಗೀರನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿರುತ್ತಾನೆ, ಅದು ಕೆಟ್ಟರೆ ಅನ್ಯರ ಕೈ ಬಿದ್ದುದು ಗೊತ್ತಾಗುವುದು.

ಆದರೆ ಇಷ್ಟನ್ನೂ ಮಾಡುವ ಮೊದಲು ಕಾಯಿದೆಯ ಬಾಗಿಲನ್ನು ದಾಟಬೇಕು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸನ್ಸಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವುದು ಅಪರಾಧ. ಅಜ್ಜನ ಲೈಸನ್ಸು ಅಜ್ಜನೊಡನೆಯೇ ಹೋಯಿತು; ಮೊಮ್ಮಗನಿಗೆ ಬಂದೂಕಿನ ಹಕ್ಕು ಬಂದರೂ ಇಟ್ಟುಕೊಳ್ಳುವ ಹಕ್ಕು ತಾನಾಗಿ ಬರಲಿಲ್ಲ. ಕೊಡಗಿನವರಿಗೆ ಇರುವ ವಿನಾಯಿತಿಯು ನಮಗಿಲ್ಲ. ಅದೇ ಕಾಯಿದೆಯ ೨೧ನೆಯ ಕಲಮು, ತಡಮಾಡದೆ ಸಮೀಪದ ಪೊಲೀಸು ಠಾಣೆಯಲ್ಲಿಯೋ ಲೈಸನ್ಸುಳ್ಳ ವ್ಯಾಪಾರಿಯಲ್ಲಿಯೋ ಅದನ್ನು ಠೇವಣಿಯಿಡಬೇಕೆಂದು ಹೇಳುವುದು. ಊರ ಕಮ್ಮಾರನಿಂದ ದುರಸ್ತಿ ಮಾಡಿಸುವುದಕ್ಕೂ ಅವಕಾಶವಿಲ್ಲ. ದುರಸ್ತಿಗಾರನಿಗೂ ಲೈಸನ್ಸು ಬೇಕು. ದುರಸ್ತಿಮಾಡಿದರೂ ಹಾರದಂತಹ ಹಳೆಯ ಮಾದರಿಯ ಆಯುಧಗಳಿಗೆ ಮಾತ್ರ ೪೫ನೆಯ ಕಲಮಿನಲ್ಲಿ ಬಿಡುಗಡೆಯುಂಟು. ಆದರೆ ತನ್ನದು ಅಂತಹದೆಂದು ಗೃಹಸ್ಥನು ತಾನೇ ತೀರ್ಪು ಕೊಟ್ಟುಕೊಳ್ಳಲಾಗದು.

ಆ ತರುಣನಿಗೆ ನಾನು ಹೇಳಿದ್ದಿಷ್ಟು. ಮೊದಲು ಠಾಣೆಗೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಸಂಗತಿಯನ್ನು ತಿಳಿಸಬೇಕು. ಅವರು ಹೇಳಿದಂತೆ ಒಪ್ಪಿಸಬೇಕು. ಒಪ್ಪಿಸುವಾಗ ಅಂಕೆ, ಹೆಸರು, ಮುದ್ರೆಗಳೆಲ್ಲವೂ ನಮೂದಾದ ರಸೀದಿಯನ್ನು ಕೇಳಿ ಪಡೆಯಬೇಕು. ಅಜ್ಜನ ಹಳೆಯ ಲೈಸನ್ಸು ಉರ್ದುವಿನಲ್ಲಿದ್ದರೂ ಅದನ್ನು ರಸೀದಿಯೊಡನೆಯೇ ಇಡಬೇಕು. ಆಮೇಲೆ ವಾರಸುದಾರನೆಂದು ಬೀದರದ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯಲ್ಲಿ ಅರ್ಜಿಯನ್ನು ಕೊಡಬಹುದು. ಠೇವಣಿಗೂ ಅವಧಿಯುಂಟು, ಅದು ಮೀರಿದರೆ ಬಂದೂಕು ಸರಕಾರದ ಪಾಲಾಗಬಹುದು. ಆದ್ದರಿಂದ ಬೆಳೆಯ ಕೆಲಸ ಮುಗಿಯಲೆಂದು ಕಾಯದೆ ಇದೇ ತಿಂಗಳು ಹೋಗಬೇಕೆಂದೆನು.